ಸುವಾರ್ತೆಗಳನ್ನು ಬರೆದವರು ಯಾರು, ಯಾತಕ್ಕೆ ಬರೆದರು?

(ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಹಾಸನದ ನಿವೃತ್ತ ಅಧ್ಯಾಪಕರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಪತ್ರದ ಸಾರ ಇಷ್ಟು: ಯೇಸುವಿನ ಜೀವನ ಹೇಳುವ ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ಕು ಸುವಾರ್ತೆಗಳನ್ನು ಅವನನ್ನು ಕಣ್ಣಾರೆ ಕಂಡವರೇ ಬರೆದರೆಂದು ಕೇಳುತ್ತ ಬಂದಿದ್ದೇವೆ, ನಿಮ್ಮ ಲೇಖಕರು ಹಾಗಲ್ಲ ಎನ್ನುತ್ತಾರೆ. ಉದ್ದೇಶವಿಟ್ಟುಕೊಂಡು ಬರೆದದ್ದಾದರೆ ಅದು ಬರೀ ಪ್ರಚಾರವಲ್ಲವೇ? ನಾಲ್ಕನ್ನು ಆರಿಸಿಕೊಂಡು ಉಳಿದವನ್ನು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಸುಡಿಸಿದನಂತೆ, ನಿಜವೇ? ಭಕ್ತರ ಮನಸ್ಸು ನೋಯಿಸುವ ಇಂಥ ಅಧ್ಯಯನದಿಂದ ಯಾರಿಗೆ ಏನು ಪ್ರಯೋಜನ?)

ಮಾನ್ಯರೇ,

ಚಕ್ರವರ್ತಿಯ ಪ್ರಶ್ನೆ ಬೇಗ ಮುಗಿಯುವಂಥದ್ದು, ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಕಾನ್‌ಸ್ಟಂಟೈನ್ ಕರೆದ ಕ್ರಿ.ಶ. 325ರ ನಿಕೇಯಾ ಸಭೆ ಚರ್ಚಿಸಿದ್ದು ತಂದೆಯಾದ ದೇವರು ಮತ್ತು ಮಗನಾದ ಯೇಸು ಒಂದೇ ಸತ್ತ್ವದವರೇ ಎಂಬುದನ್ನು, ಈಸ್ಟರ್ ಹಬ್ಬದ ದಿನವನ್ನು, ಪಾದ್ರಿಗಳ ಶಿಸ್ತನ್ನು. ಯಾವ ಸುವಾರ್ತೆ ಬೇಕು, ಯಾವುದು ಬೇಡ ಎಂಬ ಮಾತು ಉಳಿದುಬಂದಿರುವ ಅದರ ನಿರ್ಣಯಗಳಲ್ಲಿ ಎಲ್ಲಿಯೂ ಇಲ್ಲ. ಅದಕ್ಕಿಂತ ಬಹಳ ಮೊದಲೇ, 180ರ ಸುಮಾರಿಗೆ, ಈಗಿನ ಫ್ರಾನ್ಸಿನ ಲಿಯೋನ್ ನಗರದ ಬಿಷಪ್ ಐರೇನಿಯಸ್ ಸುವಾರ್ತೆಗಳು ನಾಲ್ಕೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂದು ವಾದಿಸಿದ್ದ. ಹೀಗೆ ವಾದಿಸಬೇಕಾಗಿ ಬಂತೆಂದರೆ ಬೇರೆಯವೂ ಆಗ ಓದಿನಲ್ಲಿ ಇದ್ದವೆಂದೇ ಅರ್ಥ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ಸಿಕ್ಕ ಹಸ್ತಪ್ರತಿಗಳಲ್ಲಿ ತೋಮನ ಸುವಾರ್ತೆ ಇಡಿಯಾಗಿ ದೊರೆಯಿತು. ಅದರಲ್ಲಿರುವುದು ಯೇಸುವಿನವೆಂದು ಹೇಳಲಾದ 114 ಮಾತುಗಳು. ಮರಣದ ವೃತ್ತಾಂತವಿಲ್ಲ, ಪುನರುತ್ಥಾನದ ಕಥೆಯೂ ಇಲ್ಲ.

ಈಗ ಕಣ್ಣಾರೆ ಕಂಡವರ ವಿಷಯ. ನಾಲ್ಕು ಪುಸ್ತಕಗಳ ಪೈಕಿ ಯಾವುದರಲ್ಲಿಯೂ ಬರೆದವನು ತನ್ನ ಹೆಸರು ಹೇಳಿಕೊಂಡಿಲ್ಲ. ತಲೆಬರಹದಲ್ಲಿ ಕಾಣುವ ಹೆಸರುಗಳು ಎರಡನೆಯ ಶತಮಾನದ ಸಂಪ್ರದಾಯದಿಂದ ಬಂದವು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಲೂಕನ ಮೊದಲ ನಾಲ್ಕು ವಚನಗಳನ್ನು ನಿಧಾನವಾಗಿ ಓದಿ ನೋಡಿ. ಆರಂಭದಿಂದಲೂ ಕಣ್ಣಾರೆ ಕಂಡವರು ನಮಗೆ ತಿಳಿಸಿಕೊಟ್ಟಿದ್ದಾರೆ, ಅನೇಕರು ಈಗಾಗಲೇ ಬರೆದಿದ್ದಾರೆ, ನಾನೂ ಎಲ್ಲವನ್ನೂ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎಂದು ಅವನು ತನ್ನ ಪುಸ್ತಕ ಯಾರಿಗಾಗಿಯೋ ಆ ಥೆಯೊಫಿಲನಿಗೆ ಹೇಳುತ್ತಾನೆ. ಕಂಡವರು ಬೇರೆ, ಬರೆಯುತ್ತಿರುವ ತಾನು ಬೇರೆ ಎಂಬುದನ್ನು ಅವನೇ ಒಪ್ಪಿಕೊಂಡಂತಾಯಿತು. ಅವನೇ ಮುಚ್ಚಿಡದ ಸಂಗತಿಯನ್ನು ಅವನ ಗೌರವ ಕಾಪಾಡುವ ನೆಪದಲ್ಲಿ ನಾವು ಮುಚ್ಚಿಡುವುದು ಬೇಡ.

ಕಾಲದ ಲೆಕ್ಕ ಹೀಗಿದೆ. ರೋಮನ್ ಅಧಿಪತಿ ಪಿಲಾತನ ಅಧಿಕಾರಾವಧಿಯಲ್ಲಿ, 30ರ ಆಸುಪಾಸಿನಲ್ಲಿ, ಯೇಸುವನ್ನು ಶಿಲುಬೆಗೇರಿಸಿದರು. ಹೊಸ ಒಡಂಬಡಿಕೆಯಲ್ಲಿ ಎಲ್ಲಕ್ಕಿಂತ ಹಳೆಯ ಬರಹಗಳೆಂದರೆ ಸುವಾರ್ತೆಗಳಲ್ಲ, 50ರ ದಶಕದ ಸುಮಾರಿಗೆ ಧರ್ಮಪ್ರಚಾರಕ ಪೌಲ ಬರೆದ ಪತ್ರಗಳು. 70ರಲ್ಲಿ ರೋಮನ್ ಸೈನ್ಯ ಯೆರೂಸಲೇಮಿನ ದೇವಾಲಯವನ್ನು ನೆಲಸಮ ಮಾಡಿತು. ಮಾರ್ಕನ ಪುಸ್ತಕ ಆ ಯುದ್ಧದ ಹೊಗೆಯಲ್ಲಿಯೇ ಹುಟ್ಟಿತೆಂದು ಹೆಚ್ಚಿನವರು ನಂಬುತ್ತಾರೆ. ಮತ್ತಾಯ, ಲೂಕರದು ಅನಂತರದ ಒಂದೆರಡು ದಶಕ, ಯೋಹಾನನದು ಶತಮಾನದ ಕೊನೆ. ಎಲ್ಲವೂ ಗ್ರೀಕಿನಲ್ಲಿವೆ, ಯೇಸು ಆಡುತ್ತಿದ್ದುದು ಅರಾಮಿಕ್.

ಮಾರ್ಕನ ಸುಮಾರು 660 ವಚನಗಳಲ್ಲಿ 600ರಷ್ಟು ಒಂದಲ್ಲ ಒಂದು ರೂಪದಲ್ಲಿ ಮತ್ತಾಯನಲ್ಲಿವೆ, ಹಲವೆಡೆ ಗ್ರೀಕ್ ಪದಗಳೂ ಅವೇ. ಮತ್ತಾಯನ ಹೆಸರಿನಲ್ಲಿ ಬರೆದವನು ಸ್ವತಃ ಶಿಷ್ಯನಾಗಿ ಎಲ್ಲವನ್ನೂ ಕಂಡಿದ್ದರೆ, ಶಿಷ್ಯರ ಪಟ್ಟಿಯಲ್ಲೇ ಇಲ್ಲದ ಮಾರ್ಕನ ಪುಸ್ತಕವನ್ನು ಇಷ್ಟು ಹತ್ತಿರದಿಂದ ಅನುಸರಿಸುವ ಅಗತ್ಯವೇನಿತ್ತು? ಮಾರ್ಕನಲ್ಲಿ ಇಲ್ಲದೆ ಮತ್ತಾಯ, ಲೂಕ ಇಬ್ಬರಲ್ಲಿಯೂ ಇರುವ ಸುಮಾರು 230 ವಚನಗಳಿಗೆ ಕಳೆದುಹೋದ ಇನ್ನೊಂದು ಮೂಲವಿತ್ತೆಂದು ಊಹಿಸಿ ವಿದ್ವಾಂಸರು ಅದನ್ನು ‘ಕ್ಯೂ’ ಎಂದು ಕರೆಯುತ್ತಾರೆ. ಅದರ ಒಂದು ಹಾಳೆಯೂ ಈವರೆಗೆ ಸಿಕ್ಕಿಲ್ಲ. ಲೂಕ ಮತ್ತಾಯನನ್ನೇ ಓದಿದ್ದ, ಕ್ಯೂ ಇರಲೇ ಇಲ್ಲ ಎನ್ನುವವರೂ ಇದ್ದಾರೆ.

ಉದ್ದೇಶದ ಪ್ರಶ್ನೆಯೇ ನನಗೆ ಹೆಚ್ಚು ಮುಖ್ಯ. ಅದಕ್ಕೆ ಸಿದ್ಧಾಂತ ಹೇಳುವ ಬದಲು ಒಂದೇ ಘಟನೆಯನ್ನು ನಾಲ್ವರಲ್ಲಿಯೂ ನೋಡೋಣ: ಯೇಸುವಿನ ದೀಕ್ಷಾಸ್ನಾನ, ಅಂದರೆ ನೀರಿನಲ್ಲಿ ಮಾಡಿಸುವ ಶುದ್ಧೀಕರಣದ ವಿಧಿ.

ಮಾರ್ಕ ಸಂಕೋಚವಿಲ್ಲದೆ ಹೇಳಿಬಿಡುತ್ತಾನೆ. ಪಾಪಗಳ ಕ್ಷಮೆಗಾಗಿ ಪಶ್ಚಾತ್ತಾಪದ ದೀಕ್ಷಾಸ್ನಾನವನ್ನು ಯೋಹಾನನು (ಸುವಾರ್ತೆಗಾರ ಯೋಹಾನನಲ್ಲ, ಸ್ನಾನಿಕನೆಂದು ಹೆಸರಾದ ಪ್ರವಾದಿ) ಸಾರುತ್ತಿದ್ದ. ಯೇಸು ನಜರೇತಿನಿಂದ ಬಂದು ಯೊರ್ದನ್ ನದಿಯಲ್ಲಿ ಅವನಿಂದ ದೀಕ್ಷಾಸ್ನಾನ ಮಾಡಿಸಿಕೊಂಡ. ಓದುವವನಿಗೆ ತಕ್ಷಣ ಪ್ರಶ್ನೆ ಏಳುತ್ತದೆ. ಪಾಪವಿಲ್ಲದವನಿಗೆ ಇದೇಕೆ? ಮಾಡಿಸಿದವನು ಮಾಡಿಸಿಕೊಂಡವನಿಗಿಂತ ದೊಡ್ಡವನಾಗಲಿಲ್ಲವೇ? ಮತ್ತಾಯನಿಗೆ ಈ ಪ್ರಶ್ನೆ ಕೇಳಿಸಿದೆ. ಅವನಲ್ಲಿ ಯೋಹಾನನು ತಡೆಯುತ್ತಾನೆ, ನಾನೇ ನಿನ್ನಿಂದ ದೀಕ್ಷಾಸ್ನಾನ ಹೊಂದಬೇಕಾದವನು ಎನ್ನುತ್ತಾನೆ. ಯೇಸು ಸಮಾಧಾನ ಹೇಳಿದ ಮೇಲೆಯೇ ಒಪ್ಪುತ್ತಾನೆ. ‘ಪಾಪಗಳ ಕ್ಷಮೆಗಾಗಿ’ ಎಂಬ ಮಾತು ಯೋಹಾನನ ದೀಕ್ಷಾಸ್ನಾನದ ವರ್ಣನೆಯಿಂದ ಮಾಯವಾಗಿದೆ. ಎಲ್ಲಿ ಹೋಯಿತು? 26ನೇ ಅಧ್ಯಾಯ ತೆರೆಯಿರಿ. ಕಡೆಯ ಭೋಜನದಲ್ಲಿ ಪಾನಪಾತ್ರೆ ಹಿಡಿದು ಯೇಸು ಆಡುವ ಮಾತಿನಲ್ಲಿ ಅದು ಕುಳಿತಿದೆ. ಆ ಜಾಗದಲ್ಲಿ ಮಾರ್ಕನಲ್ಲಿಯೂ ಇಲ್ಲ, ಲೂಕನಲ್ಲಿಯೂ ಇಲ್ಲ. ಕ್ಷಮೆ ಬರುವುದು ಯೊರ್ದನ್ ನೀರಿನಿಂದಲ್ಲ, ಯೇಸುವಿನ ರಕ್ತದಿಂದ ಎಂಬುದು ಅವನ ನಂಬಿಕೆ. ಒಂದು ಪದಗುಚ್ಛವನ್ನು ಎತ್ತಿ ಇನ್ನೊಂದು ಕಡೆ ಇಟ್ಟದ್ದರಲ್ಲಿಯೇ ಅದನ್ನು ಹೇಳಿಬಿಟ್ಟಿದ್ದಾನೆ. ಇಂಥ ಕಡೆ ಬರಹಗಾರನ ಕೈ ಕಣ್ಣಿಗೆ ಕಂಡಾಗ ನನಗೆ ಆಗುವ ಸಂತೋಷ ಸಣ್ಣದಲ್ಲ.

ಲೂಕ ಇನ್ನೊಂದು ದಾರಿ ಹಿಡಿದ. ಗಲಿಲಾಯವನ್ನು ಆಳುತ್ತಿದ್ದ ಹೆರೋದನು ಯೋಹಾನನನ್ನು ಸೆರೆಗೆ ಹಾಕಿದ್ದನ್ನು ಮೊದಲು ಹೇಳಿ, ಆಮೇಲೆ ಯೇಸುವಿಗೂ ದೀಕ್ಷಾಸ್ನಾನವಾಯಿತು ಎನ್ನುತ್ತಾನೆ. ಯಾರಿಂದ ಎಂಬುದನ್ನು ಅಲ್ಲಿ ಹೇಳುವುದಿಲ್ಲ. ನಾಲ್ಕನೆಯ ಸುವಾರ್ತೆಯಲ್ಲಂತೂ ಯೇಸುವಿಗೆ ದೀಕ್ಷಾಸ್ನಾನವಾದ ಪ್ರಸ್ತಾಪವೇ ಇಲ್ಲ. ಪವಿತ್ರಾತ್ಮ ಪಾರಿವಾಳದಂತೆ ಇಳಿದದ್ದನ್ನು ಕಂಡೆನೆಂದು ಸ್ನಾನಿಕ ಯೋಹಾನನು ಸಾಕ್ಷಿ ಹೇಳುವುದಷ್ಟೇ ಉಳಿದಿದೆ.

ಸುವಾರ್ತೆಗಾರರು ಸುಮ್ಮನೆ ಬರೆದುಕೊಂಡ ಗುಮಾಸ್ತರಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಇನ್ನೊಂದೂ ತಿಳಿಯುತ್ತದೆ, ತಮ್ಮ ‘ಪ್ರಚಾರ’ದ ಆಕ್ಷೇಪಕ್ಕೆ ಅದೇ ನನ್ನ ಉತ್ತರ. ಮುಜುಗರ ತರುವ ಈ ಘಟನೆಯನ್ನು ಯಾರೂ ಸುಮ್ಮನೆ ಕಲ್ಪಿಸಿಕೊಳ್ಳುತ್ತಿರಲಿಲ್ಲ. ಅದು ನಡೆದಿತ್ತು, ಜನರ ನೆನಪಿನಲ್ಲಿತ್ತು, ಆದ್ದರಿಂದಲೇ ಅದನ್ನು ವಿವರಿಸುವ ಕಷ್ಟ ಬಂತು. ಉದ್ದೇಶವಿದ್ದ ಮಾತ್ರಕ್ಕೆ ಬರಹ ಸುಳ್ಳಾಗುವುದಿಲ್ಲ. ಯೇಸುವೇ ಕ್ರಿಸ್ತನೆಂದು ನೀವು ನಂಬಬೇಕೆಂದೇ ಇದನ್ನು ಬರೆದಿದೆ ಎಂದು ಯೋಹಾನನ ಸುವಾರ್ತೆ 20ನೇ ಅಧ್ಯಾಯದ ಕೊನೆಯಲ್ಲಿ ಬಾಯಿಬಿಟ್ಟು ಹೇಳಿದೆ. ಇಷ್ಟು ಬಹಿರಂಗವಾಗಿ ಉದ್ದೇಶ ಸಾರಿದವನನ್ನು ವಂಚಕನೆನ್ನಲು ನನಗೆ ಮನಸ್ಸಿಲ್ಲ.

ಓದುಗರ ಪರಿಸರಕ್ಕೆ ತಕ್ಕಂತೆ ಆದ ಬದಲಾವಣೆಗಳೂ ಇವೆ. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದವರು ಮಾರ್ಕನ ಪ್ರಕಾರ ಮಾಳಿಗೆಯನ್ನು ಅಗೆದು ಹಾಸಿಗೆ ಇಳಿಸುತ್ತಾರೆ. ಮಣ್ಣಿನ ಮಾಳಿಗೆಯ ಗಲಿಲಾಯದ ಮನೆಗೆ ಅದು ಸರಿಯಾದ ಮಾತು. ಲೂಕನಲ್ಲಿ ಹೆಂಚುಗಳ ನಡುವಿನಿಂದ ಇಳಿಸುತ್ತಾರೆ. ಬಯಲುಸೀಮೆಯ ಮಾಳಿಗೆ ಮನೆಯ ಕಥೆಯನ್ನು ಕರಾವಳಿಯವರಿಗೆ ಹೇಳುವಾಗ ಹೆಂಚು ತೆಗೆದರು ಎಂದಂತೆ ಇದು. ಲೂಕನ ಕೇಳುಗರು ಗ್ರೀಕ್ ಪಟ್ಟಣಗಳ ಜನ. ರೋಮನ್ ಆಡಳಿತಕ್ಕೆ ಈ ಪಂಥದಿಂದ ಅಪಾಯವಿಲ್ಲವೆಂದು ತೋರಿಸುವ ಕಾಳಜಿಯೂ ಅವನಿಗಿತ್ತು. ಅವನಲ್ಲಿ ಪಿಲಾತನು ಯೇಸುವಿನಲ್ಲಿ ತಪ್ಪು ಕಾಣಲಿಲ್ಲವೆಂದು ಮೂರು ಸಲ ಹೇಳುತ್ತಾನೆ.

ಇನ್ನು ಪ್ರಯೋಜನದ ಪ್ರಶ್ನೆ. ಇಲ್ಲಿ ನಾನು ಸ್ವಲ್ಪ ಬಿಸಿಯಾಗಿಯೇ ಮಾತಾಡಬೇಕು. ಮತ್ತಾಯನ 27ನೇ ಅಧ್ಯಾಯದಲ್ಲಿ, ಪಿಲಾತನ ಎದುರು ಯೇಸುವಿನ ವಿಚಾರಣೆ ನಡೆಯುವಾಗ, ಜನರೆಲ್ಲ ಇವನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ ಎಂದು ಕೂಗುವ ವಚನವೊಂದಿದೆ, ಮತ್ತಾಯನಲ್ಲಿ ಮಾತ್ರ ಇದೆ. ದೇವಾಲಯ ಬಿದ್ದ ಮೇಲೆ ಇಸ್ರಾಯೇಲರ ಪರಂಪರೆಗೆ ನಿಜವಾದ ವಾರಸುದಾರರು ಯಾರು ಎಂದು ಯೆಹೂದ್ಯರೊಳಗೇ ನಡೆದ ಜಗಳದ ಕಾವು ಆ ಸಾಲಿನಲ್ಲಿದೆ. ಬರೆದವನೂ ಬಹುಶಃ ಯೆಹೂದ್ಯನೇ. ಆ ಹಿನ್ನೆಲೆ ಮರೆತುಹೋದ ಮೇಲೆ ಯೂರೋಪಿನಲ್ಲಿ ಅದೇ ವಚನವನ್ನು ಹಿಡಿದು ಶತಮಾನಗಳ ಕಾಲ ಯೆಹೂದ್ಯರನ್ನು ಹಿಂಸಿಸಿದರು. ಯೇಸುವಿನ ಸಾವಿನ ಆರೋಪವನ್ನು ಎಲ್ಲ ಯೆಹೂದ್ಯರ ಮೇಲೆ ಹೊರಿಸಲಾಗದೆಂದು ಕ್ಯಾಥೊಲಿಕ್ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ ಸ್ಪಷ್ಟವಾಗಿ ಹೇಳಿದ್ದು 1965ರಲ್ಲಿ. ಒಂದು ಸಾಲನ್ನು ಯಾರು, ಯಾವಾಗ, ಯಾರ ಎದುರು ಬರೆದರೆಂದು ಕೇಳದೆ ಓದಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ನನಗೆ ಗೊತ್ತಿಲ್ಲ.

ಭಕ್ತರ ಮನಸ್ಸಿನ ಬಗ್ಗೆ ತಮಗಿರುವ ಕಳಕಳಿಯನ್ನು ಗೌರವಿಸುತ್ತೇನೆ. ಆದರೆ ಕ್ಯಾಥೊಲಿಕ್ ಸಭೆಯ ಬೈಬಲ್ ಆಯೋಗವೇ 1964ರಲ್ಲಿ ಈ ವಿಷಯವನ್ನು ಮೂರು ಹಂತಗಳಲ್ಲಿ ವಿವರಿಸಿದೆ: ಯೇಸು ಹೇಳಿದ್ದು ಮತ್ತು ಮಾಡಿದ್ದು, ಅಪೊಸ್ತಲರು (ಅವನ ಆಪ್ತ ಶಿಷ್ಯರು) ಸಾರಿದ್ದು, ಸುವಾರ್ತೆಗಾರರು ತಮ್ಮ ಸಭೆಗಳ ಅಗತ್ಯಕ್ಕೆ ತಕ್ಕಂತೆ ಆಯ್ದು ಬರೆದದ್ದು. ಇದು ನಾಸ್ತಿಕರ ತಂಟೆಯಲ್ಲ.

ಸುಡಿಸಿದ ಮಾತಿಗೆ ಮತ್ತೆ ಬಂದರೆ, ಪುಸ್ತಕಗಳನ್ನು ಹಿಂದಕ್ಕೆ ಪಡೆದ ನಿಜವಾದ ಪ್ರಸಂಗವೊಂದಿದೆ, ಅದು ಬೇರೆಯೇ ಕಥೆ. 170ರ ಸುಮಾರಿಗೆ ಟೇಶಿಯನ್ ಎಂಬಾತ ನಾಲ್ಕನ್ನೂ ಹೆಣೆದು ವ್ಯತ್ಯಾಸಗಳೇ ಇಲ್ಲದ ಒಂದೇ ಕಥೆ ಮಾಡಿದ. ಸಿರಿಯಾದ ಸಭೆಗಳು ಬಹುಕಾಲ ಅದನ್ನೇ ಓದಿದವು. ಐದನೆಯ ಶತಮಾನದಲ್ಲಿ ಬಿಷಪ್ ಥಿಯೊಡೊರೆಟ್ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ಸಂಗ್ರಹಿಸಿ ಬದಿಗಿರಿಸಿ, ಅವುಗಳ ಜಾಗದಲ್ಲಿ ನಾಲ್ಕು ಸುವಾರ್ತೆಗಳನ್ನು ಬೇರೆಬೇರೆಯಾಗಿ ಇಡಿಸಿದ. ಒಂದಕ್ಕೊಂದು ಹೊಂದದ ನಾಲ್ಕು ಪುಸ್ತಕಗಳನ್ನು ಹೊಂದದ ಹಾಗೆಯೇ ಉಳಿಸಿಕೊಂಡದ್ದು ಪ್ರಾಚೀನ ಸಭೆಯ ದೊಡ್ಡತನವೆಂದು ನಾನು ಭಾವಿಸುತ್ತೇನೆ. ಕ್ರಿಸ್‌ಮಸ್ ಸಮಯದಲ್ಲಿ ಲೂಕನ ಕುರುಬರನ್ನೂ ಮತ್ತಾಯನ ಜ್ಞಾನಿಗಳನ್ನೂ ಒಂದೇ ಗೋದಲಿಯಲ್ಲಿ ನಿಲ್ಲಿಸುವಾಗ ನಾವು ಟೇಶಿಯನ್ನನ ಕೆಲಸವನ್ನೇ ಮಾಡುತ್ತಿರುತ್ತೇವೆ.

ಎಲ್ಲಿಂದ ಆರಂಭಿಸಬೇಕೆಂದು ತಾವು ಕೇಳಿದರೆ, ಮಾರ್ಕನಿಂದ. ಹದಿನಾರೇ ಅಧ್ಯಾಯಗಳ ಪುಸ್ತಕ, ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಬೇರೆ ಮೂವರಿಂದ ಏನನ್ನೂ ಸೇರಿಸಿಕೊಳ್ಳದೆ ಓದಿ. ಕೊನೆಯ ಅಧ್ಯಾಯದ 9ರಿಂದ 20ರವರೆಗಿನ ವಚನಗಳು ನಾಲ್ಕನೆಯ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲ, ಅವನ್ನು ಬಿಟ್ಟು 8ನೇ ವಚನಕ್ಕೆ ನಿಲ್ಲಿಸಿ. ಮಾರ್ಕ ಬೇಕೆಂದೇ ಅಲ್ಲಿಗೆ ನಿಲ್ಲಿಸಿದನೇ, ಮುಂದಿನ ಹಾಳೆ ಕಳೆದುಹೋಯಿತೇ ಎಂಬ ವಾದ ಇನ್ನೂ ತೀರಿಲ್ಲ. ಬೇಕೆಂದೇ ನಿಲ್ಲಿಸಿದ ಎನ್ನುವವರ ಪಕ್ಷ ನನ್ನದು. ತಮ್ಮದು ಯಾವುದೆಂದು ಓದಿದ ಮೇಲೆ ಬರೆಯಿರಿ, ಪ್ರಕಟಿಸುತ್ತೇನೆ.

— ಸಂಪಾದಕ