ಐದು ಮಂದಿಯ ಊರು: ಸೆಂಟ್ರೇಲಿಯಾ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮೆರಿಕದ ಸೆಂಟ್ರೇಲಿಯಾ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ ಈಗ ಐದೇ ಮಂದಿ ಉಳಿದಿದ್ದಾರೆಂದು ಓದಿದೆ. ಒಂದು ಕಾಲಕ್ಕೆ ಅಲ್ಲಿ ಎಷ್ಟು ಜನರಿದ್ದರು? ಊರು ಖಾಲಿಯಾದದ್ದು ನೆಲದಡಿಯ ಬೆಂಕಿಯಿಂದಲೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಐದು ಎಂಬುದು 2020ರ ಜನಗಣತಿಯ ಲೆಕ್ಕ. ಊರು ತುಂಬಿ ತುಳುಕುತ್ತಿದ್ದ 1890ರ ಗಣತಿಯಲ್ಲಿ ಅಲ್ಲಿದ್ದವರು 2,761 ಮಂದಿ. ಈ ಎರಡು ಅಂಕಿಗಳನ್ನು ಮಾತ್ರ ಅಕ್ಕಪಕ್ಕದಲ್ಲಿಟ್ಟು ನಡುವೆ ಒಂದು ಬೆಂಕಿಯ ಕಥೆ ಹೇಳಿ ಮುಗಿಸುವುದು ರೂಢಿಯಾಗಿದೆ. ಆದರೆ ನಡುವಣ ಗಣತಿಗಳನ್ನೂ ಓದಿದರೆ ಬೇರೆಯದೇ ಸಂಗತಿ ಕಾಣುತ್ತದೆ.

ಪೆನ್ಸಿಲ್ವೇನಿಯಾ ರಾಜ್ಯದ ಕೊಲಂಬಿಯಾ ಕೌಂಟಿಯಲ್ಲಿರುವ ಈ ಊರಿನ ಕೆಳಗಿರುವುದು ಆಂಥ್ರಸೈಟ್, ಅಂದರೆ ಹೊಗೆ ಕಡಿಮೆ, ಶಾಖ ಹೆಚ್ಚು ಇರುವ, ಕಲ್ಲಿನಷ್ಟೇ ಗಟ್ಟಿಯಾದ ಉತ್ತಮ ದರ್ಜೆಯ ಕಲ್ಲಿದ್ದಲು. 1832ರಲ್ಲಿ ಇಲ್ಲಿದ್ದದ್ದು ದಾರಿಹೋಕರಿಗಾಗಿ ತೆರೆದ ‘ಬುಲ್ಸ್ ಹೆಡ್’ ಎಂಬ ಹೆಸರಿನ ಒಂದು ಹೆಂಡದಂಗಡಿ. 1842ರಲ್ಲಿ ಲೋಕಸ್ಟ್ ಮೌಂಟನ್ ಕೋಲ್ ಅಂಡ್ ಐರನ್ ಕಂಪನಿ ಸುತ್ತಲಿನ ಭೂಮಿಯನ್ನು ಕೊಂಡಿತು. ಕಂಪನಿಯ ಪರವಾಗಿ ಬಂದ ಅಲೆಕ್ಸಾಂಡರ್ ರೇ ಎಂಬ ಗಣಿ ಎಂಜಿನಿಯರ್ ಬೀದಿಗಳಿಗೆ ಗೆರೆ ಎಳೆದು, ನಿವೇಶನ ವಿಂಗಡಿಸಿ ಊರು ಕಟ್ಟಿದ. ಆಗಿನ ಹೆಸರು ಸೆಂಟರ್‌ವಿಲ್. ನೆರೆಯ ಕೌಂಟಿಯಲ್ಲಿ ಅದೇ ಹೆಸರಿನ ಇನ್ನೊಂದು ಊರಿದ್ದ ಕಾರಣ 1865ರಲ್ಲಿ ಸೆಂಟ್ರೇಲಿಯಾ ಎಂದು ಬದಲಾಯಿಸಿದರು. ಮರುವರ್ಷ ಅದಕ್ಕೆ ಬರೋ, ಅಂದರೆ ನಮ್ಮ ಪುರಸಭೆಗೆ ಹೋಲುವ ಸ್ಥಾನಮಾನ ಸಿಕ್ಕಿತು. ಊರು ಕಟ್ಟಿದ ರೇ 1868ರ ಅಕ್ಟೋಬರ್‌ನಲ್ಲಿ ಊರ ಹೊರಗಿನ ರಸ್ತೆಯಲ್ಲೇ ಕೊಲೆಯಾದ. ಗಣಿ ಮಾಲೀಕರ ವಿರುದ್ಧ ಐರಿಶ್ ಕಾರ್ಮಿಕರು ಗುಟ್ಟಾಗಿ ಕಟ್ಟಿಕೊಂಡಿದ್ದರೆನ್ನಲಾದ ಮಾಲಿ ಮಗ್ವಾಯರ್ಸ್ ಕೂಟದ ಮೇಲೆ ಆರೋಪ ಬಂದು, ಹತ್ತು ವರ್ಷದ ನಂತರ ಮೂವರನ್ನು ಗಲ್ಲಿಗೇರಿಸಿದರು.

1890ರ ಹೊತ್ತಿಗೆ ಊರಿನಲ್ಲಿ ಏಳು ಚರ್ಚುಗಳು, ಐದು ಹೋಟೆಲುಗಳು, ಎರಡು ನಾಟಕಶಾಲೆಗಳು, ಒಂದು ಬ್ಯಾಂಕು, 14 ದಿನಸಿ ಅಂಗಡಿಗಳು ಮತ್ತು 27 ಹೆಂಡದಂಗಡಿಗಳಿದ್ದವು. ಮಕ್ಕಳು ಮರಿ ಎಲ್ಲ ಸೇರಿ ನೂರು ಮಂದಿಗೆ ಒಂದರಂತೆ ಹೆಂಡದಂಗಡಿ ಬೇಕಾಗಿತ್ತೆಂದರೆ ಗಣಿಯ ಪಾಳಿ ಮುಗಿಸಿ ಮೇಲೆ ಬಂದವರ ದಣಿವು ಎಂಥದ್ದಿತ್ತೆಂದು ಊಹಿಸಬಹುದು.

ಇಳಿಕೆ ಶುರುವಾದದ್ದು ಬೆಂಕಿಗಿಂತ ಬಹಳ ಮೊದಲು. ಪೆನ್ಸಿಲ್ವೇನಿಯಾದ ಆಂಥ್ರಸೈಟ್ ಉತ್ಪಾದನೆ 1917ರಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯುತ್ತಲೇ ಹೋಯಿತು. 1929ರ ಷೇರುಪೇಟೆ ಕುಸಿತದ ಬೆನ್ನಲ್ಲೇ ಲಿಹೈ ವ್ಯಾಲಿ ಕೋಲ್ ಕಂಪನಿ ಇಲ್ಲಿನ ಐದು ಗಣಿಗಳಿಗೆ ಬೀಗ ಹಾಕಿತು. ಆದರೂ 1940ರ ಗಣತಿಯಲ್ಲಿ ಊರಿನ ಜನ 2,449. ಕೆಲಸ ಹೋದರೂ ಜನ ಹೋಗಲಿಲ್ಲ, ಏಕೆಂದರೆ ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಹೋಗುವುದಕ್ಕೆ ಬೇರೆ ಊರೂ ಇರಲಿಲ್ಲ. ಮುಚ್ಚಿದ ಗಣಿಗಳೊಳಕ್ಕೆ ಕದ್ದು ಇಳಿದು, ಸುರಂಗದ ಮಾಡು ಬೀಳದಂತೆ ಬಿಟ್ಟಿದ್ದ ಕಲ್ಲಿದ್ದಲಿನ ಕಂಬಗಳನ್ನೇ ಕಡಿದು ಮಾರಿ ಹೊಟ್ಟೆ ಹೊರೆದುಕೊಂಡರು. ಯುದ್ಧ ಮುಗಿದು ಕಾರ್ಖಾನೆಗಳಲ್ಲಿ ಕೆಲಸ ಸಿಗತೊಡಗಿದಾಗ, ಮನೆ ಬಿಸಿಮಾಡಲು ಎಣ್ಣೆ ಮತ್ತು ಅನಿಲ ಬಂದು ಆಂಥ್ರಸೈಟಿಗೆ ಗಿರಾಕಿ ಕಡಿಮೆಯಾದಾಗ, ಊರು ಕರಗತೊಡಗಿತು. 1960ರ ಗಣತಿಯಲ್ಲಿ ಉಳಿದವರು 1,435.

ಬೆಂಕಿ ಹೊತ್ತಿದ್ದು 1962ರಲ್ಲಿ. ಅದು ಹೊತ್ತಿ 18 ವರ್ಷ ಕಳೆದ ಮೇಲೂ, 1980ರಲ್ಲಿ, ಊರಿನಲ್ಲಿ ಸುಮಾರು 1,000 ಮಂದಿ ಇದ್ದರು. 1990ರಲ್ಲಿ 63, 2000ದಲ್ಲಿ 21, 2010ರಲ್ಲಿ 10. 1980ರಿಂದ 1990ರವರೆಗಿನ ಒಂದೇ ದಶಕದ ಕುಸಿತಕ್ಕೆ ನೇರ ಕಾರಣ ಸರ್ಕಾರದ ಪರಿಹಾರಧನ. 1983ರಲ್ಲಿ ಅಮೆರಿಕದ ಸಂಸತ್ತು ಜನರ ಸ್ಥಳಾಂತರಕ್ಕೆಂದು 4.2 ಕೋಟಿ ಡಾಲರ್ ಒದಗಿಸಿತು. ಹಣ ಪಡೆದವರು ಹೊರಟರು, ಅವರ ಬೆನ್ನಿಗೆ ಮನೆಗಳನ್ನು ಕೆಡವಿದರು. 1940ರಿಂದ 1960ರವರೆಗೆ ಯಾವ ಹೊಗೆಯೂ ಇಲ್ಲದೆ ಊರು ಬಿಟ್ಟವರು ಸಾವಿರ ಮಂದಿ, ಬೆಂಕಿಯ ಹೆಸರಿನಲ್ಲಿ ಊರು ಬಿಟ್ಟವರೂ ಸಾವಿರದ ಆಸುಪಾಸಿನವರು. ಮೊದಲಿನ ಸಾವಿರ ಮಂದಿಯ ಬಗ್ಗೆ ಪತ್ರಿಕೆಗಳು ಬರೆಯಲಿಲ್ಲ, ಅಷ್ಟೇ.

ಪ್ರಶ್ನೆ: ಆ ಬೆಂಕಿ ಗಣಿಯೊಳಕ್ಕೆ ಹೋದದ್ದು ಹೇಗೆ? ಅಷ್ಟು ಮುಂದುವರಿದ ದೇಶಕ್ಕೆ ಅದನ್ನು ಆರಿಸಲು ಆಗಲಿಲ್ಲವೇಕೆ?
– ವಿಜ್ಞಾನ ಶಿಕ್ಷಕರೊಬ್ಬರು, ಹುಬ್ಬಳ್ಳಿ

ಉತ್ತರ: ಹೆಚ್ಚಿನವರು ಒಪ್ಪುವ ವಿವರಣೆ ಹೀಗಿದೆ. ಅಮೆರಿಕದಲ್ಲಿ ಮೇ ತಿಂಗಳ ಕೊನೆಗೆ ಮಡಿದ ಸೈನಿಕರನ್ನು ನೆನೆಯುವ ದಿನ ಬರುತ್ತದೆ, ಜನ ಸಮಾಧಿಗಳಿಗೆ ಹೂವಿಡಲು ಹೋಗುತ್ತಾರೆ. ಸೆಂಟ್ರೇಲಿಯಾದ ಆಡ್ ಫೆಲೋಸ್ ಸ್ಮಶಾನದ ಪಕ್ಕದಲ್ಲೇ, ಕಲ್ಲಿದ್ದಲು ತೆಗೆದು ಬಿಟ್ಟ ತೆರೆದ ಗುಂಡಿಯಲ್ಲಿ ಊರಿನ ಕಸ ಸುರಿಯುತ್ತಿದ್ದರು. ಬರುವವರ ಕಣ್ಣಿಗೆ ಮೂಗಿಗೆ ಕಸ ತಾಗದಿರಲೆಂದು ಊರಿನ ಆಡಳಿತ ಅಗ್ನಿಶಾಮಕ ಸ್ವಯಂಸೇವಕರನ್ನು ಕರೆಸಿ 1962ರ ಮೇ 27ರಂದು ಅದಕ್ಕೆ ಬೆಂಕಿ ಹಾಕಿಸಿತು. ಸಂಜೆ ನೀರು ಹಾಯಿಸಿ ಆರಿಸಿದರು. ಎರಡು ದಿನಕ್ಕೆ ಮತ್ತೆ ಜ್ವಾಲೆ ಕಂಡಿತು, ಮತ್ತೆ ಆರಿಸಿದರು, ಮುಂದಿನ ವಾರ ಮತ್ತೆ ಎದ್ದಿತು. ಕಸವನ್ನು ಕೆದಕಿ ನೋಡಿದಾಗ ಗುಂಡಿಯ ಒಂದು ಗೋಡೆಯ ಬುಡದಲ್ಲಿ, ಕಸದ ರಾಶಿಯ ಹಿಂದೆ ಅಡಗಿದ್ದ ದೊಡ್ಡ ಕಿಂಡಿಯೊಂದು ಕಂಡಿತು. ಸುಡಲಾರದ ವಸ್ತುವಿನಿಂದ ಮುಚ್ಚಬೇಕಾಗಿದ್ದ ಆ ಕಿಂಡಿಯನ್ನು ಯಾರೂ ಮುಚ್ಚಿರಲಿಲ್ಲ. ಅದರ ಆಚೆಗೆ ಇದ್ದದ್ದು ನೂರು ವರ್ಷಗಳ ಸುರಂಗಗಳ ಜಾಲ. ಬಿಸಿ ಬೂದಿ ಸುರಿದದ್ದರಿಂದ ಬೆಂಕಿ ಹತ್ತಿತೆಂದೂ, 1932ರ ಹಳೆಯ ಗಣಿ ಬೆಂಕಿಯೊಂದು ಆರದೆ ಉಳಿದಿತ್ತೆಂದೂ ಹೇಳುವವರಿದ್ದಾರೆ.

ಆರಿಸುವ ಪ್ರಶ್ನೆಗೆ ಬಂದರೆ, ಆಂಥ್ರಸೈಟ್ ಸುಲಭವಾಗಿ ಹೊತ್ತುವುದಿಲ್ಲ, ಆದರೆ ಒಮ್ಮೆ ಹೊತ್ತಿದರೆ ನಿಧಾನವಾಗಿ, ಬಹುಕಾಲ, ಜ್ವಾಲೆಯಿಲ್ಲದೆ ಕೆಂಡವಾಗಿಯೇ ಉರಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿಟ್ಟು ಬೆಳಿಗ್ಗೆ ಅದರಿಂದಲೇ ಒಲೆ ಹೊತ್ತಿಸುತ್ತಿದ್ದದ್ದನ್ನು ನೆನೆದರೆ ಇದು ಅರ್ಥವಾಗುತ್ತದೆ. ಸುತ್ತಲಿನ ಬಂಡೆ ಬೂದಿಯಂತೆ ಶಾಖವನ್ನು ಹಿಡಿದಿಡುತ್ತದೆ. ಇಳಿಜಾರಾದ ಪದರಗಳಲ್ಲಿ ಸುರಿದ ನೀರು ತಗ್ಗಿಗೆ ಹರಿದುಹೋಗುತ್ತದೆಯೇ ಹೊರತು ಬೆಂಕಿ ಇರುವಲ್ಲಿ ನಿಲ್ಲುವುದಿಲ್ಲ. ಕುಸಿದ ಸುರಂಗಗಳ ಬಿರುಕುಗಳಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತಲೇ ಇರುತ್ತದೆ. ಮುಗ್ಗಟ್ಟಿನ ಕಾಲದಲ್ಲಿ ಹಸಿದವರು ಕಡಿದ ಕಂಬಗಳು ಇಲ್ಲಿ ಕಥೆಯೊಳಕ್ಕೆ ಮರಳಿ ಬರುತ್ತವೆ: ಆ ಕಂಬಗಳಿಲ್ಲದೆ ಮಾಡು ಕುಸಿದದ್ದರಿಂದ ಬೆಂಕಿ ಎಲ್ಲಿದೆ, ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ತಿಳಿಯುವುದೂ, ಆ ದಾರಿಯನ್ನು ಮುಚ್ಚುವುದೂ ಕಷ್ಟವಾಯಿತು.

ಹೀಗಿದ್ದರೂ, ಮೊದಲ ವರ್ಷದಲ್ಲಿ ಕೆಲಸ ಸರಿಯಾಗಿ ನಡೆದಿದ್ದರೆ ಬೆಂಕಿ ನಿಲ್ಲುತ್ತಿತ್ತೆಂಬ ಮಾತನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ. 1962ರ ಆಗಸ್ಟ್‌ನಲ್ಲಿ ಅಗೆತ ಶುರುವಾಗಿ, ಗೊತ್ತುಪಡಿಸಿದ ಹಣ ಮುಗಿದದ್ದರಿಂದ ಅಕ್ಟೋಬರಿನಲ್ಲೇ ನಿಂತಿತು. ಬೆಂಕಿಯ ಮುಂದೆ ಹೊಸ ನೆಲ ತೆರೆದು ಅಗೆದದ್ದರಿಂದ ಅದಕ್ಕೆ ಗಾಳಿಯೂ ಸಿಕ್ಕಿತು. ಆಮೇಲೆ ಪುಡಿಮಾಡಿದ ಕಲ್ಲನ್ನು ನೀರಿನೊಂದಿಗೆ ಬೆರೆಸಿ ಸುರಂಗಗಳಿಗೆ ತುಂಬುವ ಕೆಲಸ ಕೈಗೆತ್ತಿಕೊಂಡರು. ಚಳಿಗಾಲದಲ್ಲಿ ನೀರಿನ ಕೊಳವೆಗಳೇ ಹೆಪ್ಪುಗಟ್ಟಿ, ಅದೂ 1963ರ ಮಾರ್ಚ್‌ನಲ್ಲಿ ಅರ್ಧಕ್ಕೇ ನಿಂತಿತು. ಆಗ ಬೇಕಾಗಿದ್ದದ್ದು ಕೆಲವು ಸಾವಿರ ಡಾಲರ್. 1983ರಲ್ಲಿ ಇಡೀ ಬೆಂಕಿಯನ್ನು ಅಗೆದು ತೆಗೆಯಲು ಹಾಕಿದ ಅಂದಾಜು 66.3 ಕೋಟಿ ಡಾಲರ್.

ಪ್ರಶ್ನೆ: ಕಾಲ ಕೆಳಗೆ ಬೆಂಕಿ ಇದ್ದೂ ಇಪ್ಪತ್ತು ವರ್ಷ ಜನ ಸುಮ್ಮನೆ ವಾಸವಿದ್ದರೇ? ಸರ್ಕಾರ ಹೊರಡಿ ಎಂದ ಮೇಲೂ ಕೆಲವರು ಉಳಿದದ್ದು ಏಕೆ?
– ಗೃಹಿಣಿಯೊಬ್ಬರು, ಮಂಗಳೂರು

ಉತ್ತರ: ಬೆಂಕಿ ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಕೆಲವು ಮನೆಗಳ ಹಿತ್ತಿಲಲ್ಲಿ ಹಿಮ ನಿಲ್ಲುತ್ತಿರಲಿಲ್ಲ. ನೆಲಮಾಳಿಗೆ ಬೆಚ್ಚಗಿರುತ್ತಿತ್ತು. 1979ರಲ್ಲಿ ಊರಿನ ಪೆಟ್ರೋಲ್ ಬಂಕ್ ಮಾಲೀಕರು ನೆಲದೊಳಗಿನ ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆಯೆಂದು ನೋಡಲು ಅಳತೆಕೋಲು ಇಳಿಸಿ ಮೇಲೆತ್ತಿದಾಗ ಅದು ಕೈಗೆ ಬಿಸಿಯಾಗಿ ತಾಗಿತು. ದಾರಕ್ಕೆ ತಾಪಮಾಪಕ ಕಟ್ಟಿ ಇಳಿಸಿ ನೋಡಿದರೆ ಸುಮಾರು 78 ಡಿಗ್ರಿ ಸೆಲ್ಸಿಯಸ್. 1981ರ ಫೆಬ್ರವರಿ 14ರಂದು ಅಜ್ಜಿಯ ಮನೆಯ ಹಿತ್ತಿಲಲ್ಲಿದ್ದ ಹನ್ನೆರಡು ವರ್ಷದ ಹುಡುಗನ ಕಾಲಡಿಯ ನೆಲ ಇದ್ದಕ್ಕಿದ್ದಂತೆ ಬಾಯಿ ಬಿಟ್ಟಿತು. ಅಗಲ ನಾಲ್ಕು ಅಡಿ, ಆಳ 150 ಅಡಿ. ಮರದ ಬೇರೊಂದನ್ನು ಹಿಡಿದು ನೇತಾಡುತ್ತಿದ್ದ ಅವನನ್ನು ಹದಿನಾಲ್ಕು ವರ್ಷದ ಸೋದರಸಂಬಂಧಿ ಮೇಲಕ್ಕೆಳೆದ. ಆ ಗುಂಡಿಯಿಂದ ಏಳುತ್ತಿದ್ದ ಹಬೆಯಲ್ಲಿ ಪ್ರಾಣ ತೆಗೆಯುವಷ್ಟು ಕಾರ್ಬನ್ ಮಾನಾಕ್ಸೈಡ್ ಇತ್ತು. ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲವೇ ಸೆಂಟ್ರೇಲಿಯಾದ ನಿಜವಾದ ಅಪಾಯ. ಗಾಳಿ ಸಾಲದೆ ಕಲ್ಲಿದ್ದಲು ಅರೆಬರೆ ಉರಿದಾಗ ಅದು ಹುಟ್ಟುತ್ತದೆ, ಬಿರುಕುಗಳ ಮೂಲಕ ಮಲಗುವ ಕೋಣೆಗೂ ಬರುತ್ತದೆ.

ಊರು ಇಬ್ಭಾಗವಾದದ್ದು ಆ ಮೇಲೆ. ಅನಿಲ ನುಗ್ಗುತ್ತಿದ್ದ ಬೀದಿಯವರು ಕಳಿಸಿಕೊಡಿ ಎಂದರು. ನಾಲ್ಕು ಬೀದಿ ಆಚೆಗಿದ್ದವರಿಗೆ ಬಿಸಿಯೂ ತಟ್ಟಿರಲಿಲ್ಲ, ಹೊಗೆಯೂ ಕಂಡಿರಲಿಲ್ಲ. 1983ರ ಆಗಸ್ಟ್‌ನಲ್ಲಿ ನಡೆದ ಮತದಾನದಲ್ಲಿ ಸ್ಥಳಾಂತರದ ಪರ 345, ವಿರುದ್ಧ 200 ಮತಗಳು ಬಿದ್ದವು. ಆ 200 ಮಂದಿಯಲ್ಲಿ ಬಹುತೇಕರು ಕಾಲಕ್ರಮದಲ್ಲಿ ಹೊರಟರು, ಏಕೆಂದರೆ ಅಂಗಡಿಯೂ ನೆರೆಮನೆಯೂ ಇಲ್ಲದ ಬೀದಿಯಲ್ಲಿ ಬಾಳುವುದು ಬೆಂಕಿಯ ಮೇಲೆ ಬಾಳುವುದಕ್ಕಿಂತ ಕಷ್ಟ. ಉಳಿದವರದ್ದು ಇನ್ನೊಂದು ವಾದ: 1950ರಲ್ಲಿ ಊರಿನ ಆಡಳಿತವು ತನ್ನ ನೆಲದಡಿಯ ಕಲ್ಲಿದ್ದಲಿನ ಹಕ್ಕನ್ನು ಕಾನೂನುಬದ್ಧವಾಗಿ ಪಡೆದುಕೊಂಡಿತ್ತು, ಊರೇ ಇಲ್ಲವಾದರೆ ಆ ಹಕ್ಕು ಕೈತಪ್ಪುತ್ತದೆ, ಸರ್ಕಾರದ ಕಣ್ಣು ಅದರ ಮೇಲೆಯೇ ಇದೆ ಎಂಬುದು. ಸರ್ಕಾರ ಇದನ್ನು ಒಪ್ಪಲಿಲ್ಲ. ಇದಕ್ಕೆ ಗಟ್ಟಿ ಆಧಾರವಿದೆಯೆಂದು ನನಗೂ ಅನ್ನಿಸುವುದಿಲ್ಲ, ಆದರೆ ಕಂಪನಿಗಳ ಕೈಯಲ್ಲಿ ನೂರು ವರ್ಷ ನುರಿದವರಿಗೆ ಈ ಸಂಶಯ ಬಂದದ್ದರಲ್ಲಿ ಆಶ್ಚರ್ಯವೂ ಇಲ್ಲ.

1992ರಲ್ಲಿ ರಾಜ್ಯಪಾಲ ಬಾಬ್ ಕೇಸಿ ಊರಿನ ಎಲ್ಲ ಆಸ್ತಿಯನ್ನು ಸ್ವಾಧೀನಪಡಿಸಿಕೊಳ್ಳಲು ಕ್ರಮ ಜರುಗಿಸಿದರು. (ಅಲ್ಲಿ ರಾಜ್ಯಪಾಲರೆಂದರೆ ಚುನಾಯಿತರು, ನಮ್ಮ ಮುಖ್ಯಮಂತ್ರಿಗಳಂತೆ.) ಅಂದಿನಿಂದ ಉಳಿದವರು ತಮ್ಮ ಮನೆಗಳಲ್ಲೇ ಕಾನೂನಿನ ಕಣ್ಣಿಗೆ ಒತ್ತುವರಿದಾರರು. 2002ರಲ್ಲಿ ಅಂಚೆ ಇಲಾಖೆ ಊರಿನ 17927 ಎಂಬ ಪಿನ್‌ಕೋಡನ್ನೇ ರದ್ದುಪಡಿಸಿತು. 2009ರಲ್ಲಿ ತೆರವಿನ ಕ್ರಮ ಮತ್ತೆ ಬಿಗಿಯಾಯಿತು. ಕೊನೆಗೆ 2013ರ ಅಕ್ಟೋಬರಿನಲ್ಲಿ ರಾಜಿಯಾಗಿ, ಇರುವವರು ಬದುಕಿರುವವರೆಗೆ ಅಲ್ಲೇ ಇರಬಹುದು, ಅವರ ನಂತರ ಆಸ್ತಿ ಸರ್ಕಾರಕ್ಕೆ ಸೇರುತ್ತದೆ ಎಂದಾಯಿತು. ಹೀಗಾಗಿ ಮುಂದಿನ ಗಣತಿಗಳಲ್ಲಿ ಅಲ್ಲಿನ ಅಂಕಿ ಇಳಿಯಬಹುದೇ ಹೊರತು ಏರುವ ದಾರಿಯಿಲ್ಲ.

ಪ್ರಶ್ನೆ: ನಮ್ಮ ಕೆ.ಜಿ.ಎಫ್.ನಲ್ಲಿಯೂ ಇಂಥ ಬೆಂಕಿ ಬೀಳುವ ಸಂಭವವುಂಟೇ?
– ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಇಲ್ಲ. ಕೋಲಾರದ ಚಿನ್ನವಿರುವುದು ಬೆಣಚುಕಲ್ಲಿನಲ್ಲಿ. ಅದು ಉರಿಯುವ ವಸ್ತುವಲ್ಲ. ಭಾರತದಲ್ಲಿ ಸೆಂಟ್ರೇಲಿಯಾಕ್ಕೆ ಹೋಲಿಸಬೇಕಾದದ್ದು ಜಾರ್ಖಂಡಿನ ಝರಿಯಾವನ್ನು. ಅಲ್ಲಿ ಬೆಂಕಿ ಮೊದಲು ಗೊತ್ತಾದದ್ದು 1916ರಲ್ಲಿ, ಅದರ ಮೇಲಿನ ಊರುಗಳಲ್ಲಿ ಜನ ಇಂದಿಗೂ ಕಿಕ್ಕಿರಿದಿದ್ದಾರೆ. ಸಾವಿರ ಮಂದಿಯನ್ನು ಸ್ಥಳಾಂತರಿಸಲು 4.2 ಕೋಟಿ ಡಾಲರ್ ತಗುಲಿದ ಲೆಕ್ಕವನ್ನು ಅಲ್ಲಿಗೆ ಅನ್ವಯಿಸಿ ನೋಡುವ ಧೈರ್ಯ ನನಗಿಲ್ಲ.

ಪ್ರಶ್ನೆ: ನನ್ನ ಮಗ ಪೆನ್ಸಿಲ್ವೇನಿಯಾದಲ್ಲಿದ್ದಾನೆ, ಮುಂದಿನ ವರ್ಷ ನಾವೂ ಅಲ್ಲಿಗೆ ಹೋಗುತ್ತೇವೆ. ಸೆಂಟ್ರೇಲಿಯಾದಲ್ಲಿ ನೋಡುವಂಥದ್ದು ಏನಿದೆ?
– ನಿವೃತ್ತ ನೌಕರರೊಬ್ಬರು, ಮೈಸೂರು

ಉತ್ತರ: ಕುಲುಮೆಯಂತೆ ಉರಿಯುವ ನೆಲವನ್ನು ನಿರೀಕ್ಷಿಸಿ ಹೋದರೆ ನಿರಾಶೆಯಾದೀತು. ಬೀದಿಗಳ ಗೆರೆಗಳಿವೆ, ಮನೆಗಳಿಲ್ಲ. ನಿವೇಶನಗಳಲ್ಲಿ ಮರಗಿಡ ಬೆಳೆದಿವೆ. ಬಿರುಕುಬಿಟ್ಟು ಸಂಚಾರಕ್ಕೆ ಮುಚ್ಚಿದ್ದ ಹಳೆಯ 61ನೇ ಹೆದ್ದಾರಿಯ ತುಂಡಿನ ಮೇಲೆ ಪ್ರವಾಸಿಗರು ಬಣ್ಣದಲ್ಲಿ ಹೆಸರು ಬರೆದು ಅದನ್ನೇ ಪ್ರಸಿದ್ಧಗೊಳಿಸಿದ್ದರು; 2020ರ ಏಪ್ರಿಲ್‌ನಲ್ಲಿ ಅದರ ಮೇಲೆ ಮಣ್ಣು ಸುರಿದು ಮುಚ್ಚಿದರು. ಗುಡ್ಡದ ಮೇಲೆ 1911ರಲ್ಲಿ ಕಟ್ಟಿದ ಉಕ್ರೇನಿಯನ್ ಕ್ಯಾಥೊಲಿಕ್ ಚರ್ಚು ಬಿಳಿಯ ಗೋಡೆ, ನೀಲಿ ಗುಮ್ಮಟಗಳೊಂದಿಗೆ ಇಂದಿಗೂ ನಿಂತಿದೆ, ಪೂಜೆಯೂ ನಡೆಯುತ್ತದೆ. 1869ರಲ್ಲಿ ತನ್ನನ್ನು ಹೊಡೆದವರ ಮೇಲೆ ಸಿಟ್ಟಾದ ಪಾದ್ರಿಯೊಬ್ಬ, ಈ ಊರಿನಲ್ಲಿ ಸೇಂಟ್ ಇಗ್ನೇಷಿಯಸ್ ಚರ್ಚೊಂದೇ ಉಳಿಯಲಿ ಎಂದು ಶಪಿಸಿದನೆಂಬ ಐತಿಹ್ಯವನ್ನು ಅಲ್ಲಿನವರು ಹೇಳುತ್ತಾರೆ. ಸೇಂಟ್ ಇಗ್ನೇಷಿಯಸ್ ಚರ್ಚನ್ನು 1997ರಲ್ಲಿ ಕೆಡವಲಾಯಿತು, ಉಳಿದದ್ದು ಉಕ್ರೇನಿನವರದ್ದು. ಗುಂಡಿಗಳಿರುವ ಕಡೆ, ಎಚ್ಚರಿಕೆಯ ಫಲಕವಿರುವ ಕಡೆ ನಡೆಯಬೇಡಿ. ನೆಲ ಕುಸಿಯುವ ಭಯ ಇನ್ನೂ ಹೋಗಿಲ್ಲ.

ಸ್ಮಶಾನಗಳನ್ನು ಮಾತ್ರ ಅಚ್ಚುಕಟ್ಟಾಗಿ ಇಟ್ಟಿದ್ದಾರೆ, ಹುಲ್ಲು ಕತ್ತರಿಸುತ್ತಾರೆ, ಹೂವಿಡುತ್ತಾರೆ. ಊರು ಬಿಟ್ಟವರು ತಮ್ಮವರ ಸಮಾಧಿಗಾಗಿ ಮರಳಿ ಬರುತ್ತಾರೆ. 1966ರಲ್ಲಿ ಊರಿಗೆ ನೂರು ತುಂಬಿದಾಗ, ಅಂದರೆ ಬೆಂಕಿ ಹೊತ್ತಿ ನಾಲ್ಕು ವರ್ಷ ಕಳೆದಿದ್ದಾಗ, ಐವತ್ತು ವರ್ಷದ ನಂತರ ತೆರೆಯಲೆಂದು ಒಂದು ಪೆಟ್ಟಿಗೆಯನ್ನು ನೆಲದಲ್ಲಿ ಹೂತಿದ್ದರು. 2016ರವರೆಗೆ ಅದು ಕಾಯಲಿಲ್ಲ. ಕಳ್ಳರು ಕೀಳಲು ನೋಡಿದ್ದರಿಂದ 2014ರಲ್ಲೇ ಹಳೆಯ ಊರಿನವರು ಸೇರಿ ತೆರೆದರು. ಒಳಗೆ ಒಂದಡಿ ನೀರು ನಿಂತು ಕಾಗದಪತ್ರಗಳೆಲ್ಲ ಹಾಳಾಗಿದ್ದವು. ಬೈಬಲ್ ಒಂದು, ಗಣಿ ಕಾರ್ಮಿಕನ ಶಿರಸ್ತ್ರಾಣ ಮತ್ತು ದೀಪ, ಕೆಲವು ಕಲ್ಲಿದ್ದಲ ತುಂಡುಗಳು, ಊರಿನ ಗಂಡಸರೆಲ್ಲ ತಮಾಷೆಗೆ ಸಹಿ ಹಾಕಿದ್ದ ಹೆಂಗಸರ ಹಳೆಯ ಕಾಲದ ಚಡ್ಡಿ ಒಂದು ಸಿಕ್ಕವು.