ಶಿವಪಾರ್ವತಿಯರಿದ್ದರೆ ಕೃಷ್ಣದೇವರಾಯನ ನಾಣ್ಯವೇ?

ಹಳೆಯ ನಾಣ್ಯಗಳ ಬಗ್ಗೆ ಬರುವ ಬಹುಪಾಲು ಪತ್ರಗಳು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಊರುಗಳಿಂದ ಕೇಳುತ್ತವೆ. ಒಬ್ಬೊಬ್ಬರಿಗೂ ಬಿಡಿಯಾಗಿ ಬರೆದು ಸಾಕಾಗಿದೆ. ಈ ಸಲ ಅದೊಂದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಉಳಿದವರು ಚುಟುಕು ಉತ್ತರದಲ್ಲಿ ತೃಪ್ತಿಪಡಬೇಕು.

ಅಜ್ಜಿಯ ಒಡವೆ ಡಬ್ಬಿಯಲ್ಲಿ ಉದ್ದಿನ ವಡೆಯ ತೂತಿನಷ್ಟು ಚಿಕ್ಕ ಚಿನ್ನದ ನಾಣ್ಯ ಸಿಕ್ಕಿದೆ. ಒಂದು ಕಡೆ ಶಿವಪಾರ್ವತಿಯರು ಕುಳಿತಿದ್ದಾರೆ, ಇನ್ನೊಂದು ಕಡೆ ಮೂರು ಸಾಲು ನಾಗರಿ ಅಕ್ಷರಗಳಿವೆ. ‘ಕೃಷ್ಣ’ ಎಂದು ಓದಿದ ಊರಿನ ಮೇಷ್ಟರು ಇದು ಕೃಷ್ಣದೇವರಾಯನದ್ದೇ ಎಂದಿದ್ದಾರೆ. ನಿಜವೇ? ಎಷ್ಟು ಬೆಲೆ ಬಂದೀತು?

ನಿಜವಲ್ಲ. ನಾಣ್ಯವನ್ನು ನೋಡದೆಯೇ ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ.

ಉಮಾಮಹೇಶ್ವರರ ಚಿತ್ರ ಯಾವನೊಬ್ಬ ರಾಜನ ಸ್ವತ್ತೂ ಆಗಿರಲಿಲ್ಲ. ವಿಜಯನಗರದಲ್ಲಿ ಎರಡನೆಯ ಹರಿಹರ ಅದನ್ನು ತನ್ನ ಚಿನ್ನದ ನಾಣ್ಯದ ಮೇಲೆ ಅಚ್ಚೊತ್ತಿಸಿದ, ದೇವರಾಯರೂ ಅಚ್ಚೊತ್ತಿಸಿದರು. ಆಮೇಲೆ ಅದು ಮಲೆನಾಡನ್ನು ಆಳಿದ ಇಕ್ಕೇರಿ ನಾಯಕರ ವರಹಕ್ಕೆ, ಅಂದರೆ ಚಿನ್ನದ ನಾಣ್ಯಕ್ಕೆ, ಬಂತು. 1763ರಲ್ಲಿ ಅವರ ರಾಜಧಾನಿ ಬಿದನೂರನ್ನು ಗೆದ್ದುಕೊಂಡ ಹೈದರ್ ಅಲಿ ಆ ದೇವರನ್ನು ಅಳಿಸಲಿಲ್ಲ; ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅರಬ್ಬಿ ಅಕ್ಷರವನ್ನು ಮಾತ್ರ ಚುಕ್ಕಿಗಳ ನಡುವೆ ಇಟ್ಟ. ಜನರ ಕೈಗೆ, ಕಣ್ಣಿಗೆ ಒಗ್ಗಿದ ನಾಣ್ಯವನ್ನು ಬದಲಾಯಿಸಿದರೆ ಪೇಟೆಯಲ್ಲಿ ಯಾರೂ ಮುಟ್ಟುವುದಿಲ್ಲ ಎಂಬ ವ್ಯವಹಾರಜ್ಞಾನ ಅವನಿಗಿತ್ತು. ಟಿಪ್ಪು ಆ ಚಿತ್ರವನ್ನು ಕೈಬಿಟ್ಟ. 1799ರ ನಂತರ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಅದೇ ಶಿವಪಾರ್ವತಿಯರು ಮರಳಿ ಬಂದು ಕುಳಿತರು. ನಾನೂರು ವರ್ಷಗಳ ಈ ಪಯಣದಲ್ಲಿ ಮುಂಬದಿ ಹೆಚ್ಚುಕಡಿಮೆ ಒಂದೇ. ದೇವರನ್ನು ನೋಡಿ ರಾಜನ ಹೆಸರು ಹೇಳುವವರಿಗೆ ಇಷ್ಟು ಗೊತ್ತಿಲ್ಲ.

ಆದ್ದರಿಂದ ನಾಣ್ಯವನ್ನು ತಿರುಗಿಸಿ. ವಿಜಯನಗರದ ಈ ವರಹಗಳಲ್ಲಿ ಹೆಸರಿನ ಮೊದಲು ‘ಶ್ರೀ ಪ್ರತಾಪ’ ಎಂದಿರುತ್ತದೆ: ಶ್ರೀ ಪ್ರತಾಪ ಹರಿಹರ, ಶ್ರೀ ಪ್ರತಾಪ ದೇವರಾಯ. ಅಚ್ಚು ನಾಣ್ಯಕ್ಕಿಂತ ದೊಡ್ಡದಾಗಿರುತ್ತಿದ್ದರಿಂದ ಅಂಚಿನ ಅಕ್ಷರಗಳು ಎಷ್ಟೋ ಸಲ ಹೊರಗೇ ಉಳಿದಿರುತ್ತವೆ. ಆದರೂ ‘ಪ್ರ’ದ ಒಂದು ತುಂಡಾದರೂ ಸಿಕ್ಕೀತು, ಹುಡುಕಿ. ‘ಶ್ರೀ ಸದಾಶಿವ’ ಎಂದಷ್ಟೇ ಇದ್ದರೆ ಅದು ಇಕ್ಕೇರಿಯದು. ಇದನ್ನು ವಿಜಯನಗರದ ಸದಾಶಿವರಾಯನದ್ದೆಂದು ಮಾರುವವರಿದ್ದಾರೆ. ಆ ರಾಯನ ನಾಣ್ಯದಲ್ಲಿ ‘ಪ್ರತಾಪ’ವೂ ಇದೆ, ‘ರಾಯ’ವೂ ಇದೆ. ಇಕ್ಕೇರಿ ವರಹವನ್ನು ಸದಾಶಿವ ನಾಯಕನೊಬ್ಬನೇ ಹೊರಡಿಸಿದ ಎಂದೂ ತಿಳಿಯಬೇಡಿ; ಅವನ ನಂತರದವರು ಅದೇ ಹೆಸರನ್ನು ಮುಂದುವರಿಸಿದರು.

ನಿಮ್ಮ ಮೇಷ್ಟರು ‘ಕೃಷ್ಣ’ ಎಂದು ಸರಿಯಾಗಿಯೇ ಓದಿದ್ದಾರೆ, ಮುಂದಿನ ಅಕ್ಷರ ಓದದೆ ಎದ್ದುಬಿಟ್ಟಿದ್ದಾರೆ. ಅಲ್ಲಿ ‘ಕೃಷ್ಣರಾಜ’ ಎಂದಿರುತ್ತದೆ, ‘ಕೃಷ್ಣರಾಯ’ ಎಂದಲ್ಲ. ಒಂದು ‘ಜ’ಕ್ಕೂ ಒಂದು ‘ಯ’ಕ್ಕೂ ನಡುವೆ ಸುಮಾರು ಮುನ್ನೂರು ವರ್ಷಗಳಿವೆ. 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನ ಹೆಸರಾಂತ ವರಹಗಳಲ್ಲಿ ಇರುವವನು ಬೆಣ್ಣೆ ಹಿಡಿದು ಕುಳಿತ ಬಾಲಕೃಷ್ಣ, ಇಲ್ಲವೇ ನಿಂತ ವೆಂಕಟೇಶ್ವರ. ನಿಮ್ಮದು ಒಡೆಯರ ವರಹವಾದರೆ ಅದರಲ್ಲಿ ಬೇಸರಪಡುವಂಥದ್ದೇನಿದೆ? ದಖನ್ನಿನ ವರಹ ಪರಂಪರೆಯ ಕೊನೆಯ ಕೊಂಡಿಗಳಲ್ಲಿ ಒಂದು ನಿಮ್ಮ ಅಜ್ಜಿಯ ಡಬ್ಬಿಯಲ್ಲಿತ್ತು.

ಇನ್ನು ಅಸಲಿಯೇ ಎಂಬ ಮಾತು. ವರಹದ ತೂಕ ಸುಮಾರು 3.4 ಗ್ರಾಂ, ಅರ್ಧ ವರಹದ್ದು 1.7. ತೂಕ ಇದರಿಂದ ತೀರಾ ದೂರವಿದ್ದರೆ ಅನುಮಾನಿಸಿ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ಲೋಟದಲ್ಲಿ ನೀರಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಒಳ್ಳೆಯ ಚಿನ್ನದ ವರಹವಾದರೆ ತಕ್ಕಡಿ ಸುಮಾರು 0.2 ಗ್ರಾಂ ತೋರಿಸುತ್ತದೆ. ಹಿತ್ತಾಳೆಗೆ ಚಿನ್ನದ ನೀರು ಕುಡಿಸಿದ್ದಾದರೆ 0.4ರ ಹತ್ತಿರ. ಇದು ಲೋಹವನ್ನಷ್ಟೇ ಹೇಳುತ್ತದೆ. ಚಿನ್ನದಲ್ಲೇ ಮಾಡಿದ ನಕಲುಗಳೂ ಇವೆ. ಅಚ್ಚಿನಿಂದ ಟಂಕಿಸಿದ ನಾಣ್ಯದ ಅಕ್ಷರ ಚೂಪಾಗಿರುತ್ತದೆ. ಎರಕ ಹೊಯ್ದದ್ದರಲ್ಲಿ ಅಕ್ಷರ ಸಾಬೂನಿನಂತೆ ಜಾರಿರುತ್ತದೆ, ಗುಳ್ಳೆಯ ಸಣ್ಣ ಕುಳಿಗಳಿರುತ್ತವೆ, ಅಂಚಿನಲ್ಲಿ ಅರ ಹಾಕಿ ಉಜ್ಜಿದ ಗುರುತು ಸಿಗುತ್ತದೆ. ಭೂತಗನ್ನಡಿ ಹಿಡಿದು ನೋಡಿ.

ಚಿನಿವಾರರ ಬಳಿ ಒಯ್ದು ಒರೆಗಲ್ಲಿಗೆ ಮಾತ್ರ ಹಚ್ಚಿಸಬೇಡಿ, ಕೊಂಡಿಯನ್ನೂ ಬೆಸೆಸಬೇಡಿ, ಕೈಮುಗಿದು ಕೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಮನೆಯವರು ಅಪರೂಪದ ಹರಿಹರನ ವರಹ ತಂದಿದ್ದರು. ಮೊಮ್ಮಗಳ ಸರಕ್ಕೆಂದು ಅದಕ್ಕೆ ಕೊಂಡಿ ಬೆಸೆಯಲಾಗಿತ್ತು. ಬೆಸುಗೆ ಸರಿಯಾಗಿ ಹೆಸರಿನ ಮೇಲೆಯೇ ಕೂತಿತ್ತು. ಆರು ನೂರು ವರ್ಷ ಉಳಿದು ಬಂದ ಅಕ್ಷರ ಒಂದು ಮಧ್ಯಾಹ್ನದಲ್ಲಿ ಹೋಯಿತು. ಆ ನಾಣ್ಯ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಬೆಲೆಯನ್ನು ಪತ್ರದಲ್ಲಿ ಹೇಳುವುದಿಲ್ಲ. ಇಕ್ಕೇರಿ, ಹೈದರಿ ವರಹಗಳು ಅಪರೂಪವಲ್ಲ ಎಂದಷ್ಟೇ ತಿಳಿದಿರಿ. ಚಿತ್ರ ನೋಡಿ ಕೋಟಿ ಎನ್ನುವವನು ನಿಮ್ಮಿಂದ ಮುಂಗಡ ಕೇಳಲು ಹೊರಟಿದ್ದಾನೆ.

ಈಸ್ಟ್ ಇಂಡಿಯಾ ಕಂಪನಿಯ 1818ರ ಒಂದಾಣೆ ನಾಣ್ಯದಲ್ಲಿ ರಾಮ, ಸೀತೆ, ಹನುಮಂತ ಇದ್ದಾರೆ. ಇದು ಬಹಳ ಶಕ್ತಿಯುಳ್ಳದ್ದಂತೆ?

ಕಂಪನಿ ಅಂಥ ನಾಣ್ಯವನ್ನು ಹೊರಡಿಸಿಯೇ ಇಲ್ಲ. ಮದರಾಸಿನ ವರಹಗಳಲ್ಲಿ ವಿಷ್ಣುವಿದ್ದದ್ದು ನಿಜ, ಅದು ಬೇರೆಯ ಕಥೆ. ನಿಮ್ಮ ಬಳಿಯಿರುವುದು ಈಚೆಗೆ ಮಾಡಿದ ಬಿಲ್ಲೆ. ಪೂಜೆಗಿಡುವುದು ನಿಮ್ಮಿಷ್ಟ, ಹಣ ಕೊಟ್ಟು ಕೊಳ್ಳಬೇಡಿ.

ಅಕ್ಕಿ ಎಳೆಯುವ ನಾಣ್ಯಕ್ಕೆ ವಿದೇಶದಲ್ಲಿ ಕೋಟಿಗಟ್ಟಲೆ ಬೆಲೆಯಿದೆಯಂತೆ. ಪರೀಕ್ಷೆಗೆಂದು ಎರಡು ಲಕ್ಷ ಕೇಳುತ್ತಿದ್ದಾರೆ.

ಯಾವ ನಾಣ್ಯವೂ ಅಕ್ಕಿಯನ್ನು ಎಳೆಯುವುದಿಲ್ಲ. ಆ ಅಕ್ಕಿಗೆ ಕಬ್ಬಿಣದ ಪುಡಿ ಸವರಿರುತ್ತಾರೆ, ನಾಣ್ಯದಡಿ ಅಯಸ್ಕಾಂತ ಇಟ್ಟಿರುತ್ತಾರೆ. ಜಮೀನು ಮಾರಿ ಈ ಕಳ್ಳರ ಕೈಗೆ ಕೊಟ್ಟವರ ಸುದ್ದಿ ಓದಿದಾಗಲೆಲ್ಲ ನನಗೆ ನಿದ್ದೆ ಬರುವುದಿಲ್ಲ. ಇಂದೇ ಪೊಲೀಸರಿಗೆ ದೂರು ಕೊಡಿ.

ನನ್ನ ಟಿಪ್ಪು ನಾಣ್ಯದಲ್ಲಿ 4221 ಎಂಬ ವರ್ಷವಿದೆ. ಟಂಕಸಾಲೆಯ ತಪ್ಪೇ?

ತಪ್ಪಲ್ಲ, ಬಲದಿಂದ ಎಡಕ್ಕೆ ಓದಿ: 1224. ಅದು ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಎಂಬ ವರ್ಷಗಣನೆ, ಸುಮಾರು ಕ್ರಿ.ಶ. 1796.

ತಾಮ್ರದ ಆನೆ ನಾಣ್ಯಕ್ಕೆ ಕಿಲುಬು ಹಿಡಿದಿದೆ. ಹುಣಸೆಹಣ್ಣಿನಿಂದ ತಿಕ್ಕಬಹುದೇ?

ಬೇಡ. ನಿಂಬೆಹಣ್ಣೂ ಬೇಡ, ಬೂದಿಯೂ ಬೇಡ. ಹೊಳೆಯುವ ತಾಮ್ರ ಬೇಕಿದ್ದರೆ ಚೊಂಬು ತಿಕ್ಕಿ.

ಉಳುವಾಗ ಮಣ್ಣಿನ ಕುಡಿಕೆಯಲ್ಲಿ ನಾಣ್ಯಗಳು ಸಿಕ್ಕಿದವು. ಹಂಚಿಕೊಳ್ಳಬಹುದೇ?

ಇಲ್ಲ. ಜಿಲ್ಲಾಧಿಕಾರಿಗೆ ತಿಳಿಸುವುದು ಕಾನೂನು. ಕುಡಿಕೆಯನ್ನೂ ಎಸೆಯಬೇಡಿ, ಸಿಕ್ಕಿದ ಜಾಗಕ್ಕೆ ಗುರುತಿನ ಗೂಟ ನೆಡಿ. ಯಾವ ನಾಣ್ಯದ ಜೊತೆ ಯಾವುದು ಇತ್ತು ಎಂಬುದು ಒಮ್ಮೆ ಚೆದುರಿದರೆ ಅದನ್ನು ಮತ್ತೆ ಯಾರೂ ಕೂಡಿಸಲಾರರು.

ಅಮೆರಿಕದಲ್ಲಿರುವ ಮಗನಿಗೆ ಒಂದು ವರಹ ಕಳುಹಿಸಬೇಕೆಂದಿದ್ದೇನೆ.

ಕಳುಹಿಸಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವುದು ಅಪರಾಧ. ಮಗ ಊರಿಗೆ ಬಂದಾಗ ತೋರಿಸಿ.