ಜೌಗು ನೆಲದಲ್ಲಿ ತಾಳೆ: ನೀರು ಬಸಿದಷ್ಟೂ ನೆಲ ಕುಸಿಯುತ್ತದೆ

ಪ್ರಶ್ನೆ: ಇಂಡೋನೇಷ್ಯಾದ ಜೌಗು ನೆಲದಲ್ಲೂ ಪರಿಸರ ಕೆಡಿಸದೆ ಎಣ್ಣೆ ತಾಳೆ ಬೆಳೆಯಬಹುದು ಅನ್ನುತ್ತಾರೆ. ನಿಜವಾ, ಸುಮ್ನೆ ಮಾತಾ?

ಉತ್ತರ: ಅದು ಎಂಥ ಜೌಗು ಅಂತ ಮೊದಲು ನೋಡಬೇಕು. ಸುಮಾತ್ರಾ, ಕಾಲಿಮಂಟನ್ (ಬೋರ್ನಿಯೊ ದ್ವೀಪದ ಇಂಡೋನೇಷ್ಯಾ ಭಾಗ) ಕಡೆ ಬಹಳಷ್ಟು ಜೌಗು ಪೀಟ್ ನೆಲ. ಎಲೆ, ಬೇರು, ಮರದ ತುಂಡುಗಳು ನೀರಲ್ಲಿ ಮುಳುಗಿ, ಪೂರ್ತಿ ಕೊಳೆಯದೆ, ಸಾವಿರಾರು ವರ್ಷ ಒಂದರ ಮೇಲೊಂದು ಕೂತು ಆದದ್ದು. ತಾಳೆಗೆ ಬೇರಿನ ಬುಡದಲ್ಲಿ ನೀರು ನಿಲ್ಲಬಾರದು, ಅದಕ್ಕೆ ಕಾಲುವೆ ತೋಡಿ ಬಸಿಯುತ್ತಾರೆ. ತೊಂದರೆ ಶುರುವಾಗೋದೇ ಅಲ್ಲಿ. ಗಾಳಿ ತಾಗಿದ ಪೀಟ್ ಕೊಳೆತು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ, ನೆಲ ಕುಸಿಯುತ್ತದೆ: ಮೊದಲ ಐದು ವರ್ಷದಲ್ಲೇ ಒಂದು ಮೀಟರಿಗೂ ಜಾಸ್ತಿ, ಆಮೇಲೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್. ಬೇರು ಹೊರಗೆ ಬಂದು ಮರಗಳು ವಾಲಿ, ಮಲಗಿ, ಮತ್ತೆ ತುದಿ ಮಾತ್ರ ಮೇಲಕ್ಕೆ ಬಾಗಿಸಿಕೊಂಡು ನಿಂತಿರುತ್ತವೆ. ಗೊನೆ ಕೊಯ್ಯುವವರ ಕಷ್ಟ ಕೇಳಬೇಡಿ.

ಹಾಗಾಗಿ ಇಡೀ ಆಟ ನೀರಿನ ಮಟ್ಟದ್ದು. ಕಾಲುವೆಗೆ ಅಡ್ಡಕಟ್ಟೆ ಹಾಕಿ, ಮಳೆಗಾಲದಲ್ಲಿ ಬಿಟ್ಟು, ಬೇಸಿಗೆಯಲ್ಲಿ ಹಿಡಿದು, ಕೊಳವೆ ಹೂತು ಅಂತರ್ಜಲ ಅಳೆಯುತ್ತಿರಬೇಕು. ಇಂಡೋನೇಷ್ಯಾದ 2016ರ ನಿಯಮದ ಪ್ರಕಾರ ನೀರು ನೆಲದಿಂದ 40 ಸೆಂಟಿಮೀಟರಿಗಿಂತ ಕೆಳಗೆ ಇಳಿಯಬಾರದು. ಒಣಗಿದ ಪೀಟಿಗೆ ಬೆಂಕಿ ಬಿದ್ದರೆ ನೆಲದೊಳಗೇ ಹೊಗೆಯಾಡುತ್ತಾ ವಾರಗಟ್ಟಲೆ ಉರಿಯುತ್ತದೆ. 2015ರಲ್ಲಿ ಆ ದೇಶದಲ್ಲಿ ಸುಟ್ಟದ್ದು ಸುಮಾರು 26 ಲಕ್ಷ ಹೆಕ್ಟೇರ್, ಅದರಲ್ಲಿ ಪೀಟ್ ನೆಲವೂ ಬೇಕಾದಷ್ಟಿತ್ತು.

ಆದರೆ ನೀರನ್ನು ಎಷ್ಟೇ ಚೆನ್ನಾಗಿ ಹಿಡಿದರೂ ಕುಸಿತ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಆದ್ದರಿಂದ ಪೀಟ್ ಮೇಲಿನ ತಾಳೆಗೆ ‘ಸುಸ್ಥಿರ’ ಅನ್ನೋ ಹಣೆಪಟ್ಟಿ ನಾನಂತೂ ಒಪ್ಪುವುದಿಲ್ಲ. ತಾಳೆಎಣ್ಣೆಗೆ ‘ಸುಸ್ಥಿರ’ ಅಂತ ಪ್ರಮಾಣಪತ್ರ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಆರ್‌ಎಸ್‌ಪಿಒ ಕೂಡ 2018ರ ನವೆಂಬರ್ 15ರ ನಂತರ ಪೀಟ್ ಮೇಲೆ ಹೊಸ ತೋಟ ಬೇಡ ಅಂದಿದೆ, ಆಳ ಎಷ್ಟೇ ಇರಲಿ. ಹಳೇ ತೋಟದಲ್ಲಿ ಮರುನಾಟಿ ಮಾಡಬೇಕೆಂದರೆ, ಮುಂದೆಯೂ ಅಲ್ಲಿಂದ ನೀರು ತಾನಾಗಿ ಹರಿದು ಹೋಗುತ್ತದಾ ಅಂತ ಲೆಕ್ಕ ಹಾಕಿ ತೋರಿಸಬೇಕು. ನೆಲ ಪಕ್ಕದ ನದಿಯ ಮಟ್ಟಕ್ಕೇ ಇಳಿದರೆ ಪಂಪು ಇಟ್ಟು ಎತ್ತಬೇಕಾಗುತ್ತದೆ, ಆಗ ಲಾಭ ಎಲ್ಲಿಂದ ಬರಬೇಕು?

ಜೇಡಿಮಣ್ಣಿನ ಜೌಗಿನ ಕಥೆ ಬೇರೆ. ಅಲ್ಲಿ ಮಾಡಬಹುದು. ಆದರೆ ಕರಾವಳಿ ಕಡೆ ಕೆಳಪದರದಲ್ಲಿ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಇದ್ದರೆ ಅದು ಗಾಳಿಗೆ ತೆರೆದುಕೊಳ್ಳಬಾರದು, ತೆರೆದುಕೊಂಡರೆ ಗಂಧಕಾಮ್ಲ ಹುಟ್ಟುತ್ತದೆ. ನೀರು ಆ ಪದರದ ಮೇಲೇ ಇರಬೇಕು.

ಆಳದ ಪೀಟ್ ಇದ್ದವರು ಕಾಲುವೆ ಮುಚ್ಚಿ ಸಾಗೋ ಹಾಕುವುದು ಮೇಲು. ಅದೂ ತಾಳೆ ಜಾತಿಯದೇ, ಒದ್ದೆ ನೆಲದಲ್ಲೇ ಬೆಳೆಯುತ್ತದೆ, ಕಾಂಡದಲ್ಲಿ ಹಿಟ್ಟು ಸಿಗುತ್ತದೆ. ತಾಳೆಎಣ್ಣೆಯಷ್ಟು ದುಡ್ಡು ಬರಲ್ಲ, ಅದು ನಿಜ.